ಸಂಪಾದಕರ ಉತ್ತರ: ‘ಇಷ್ಟೊಂದು ನಂಬರು ಯಾಕೆ?’

(ಕಳೆದ ಸಂಚಿಕೆಯಲ್ಲಿ ಚೀನಾದ ದುನ್‌ಹುವಾಂಗ್ ಊರಿನ ಹಳೆಯ ಗ್ರಂಥಗಳ ಬಗೆಗಿನ ಲೇಖನ ಓದಿದ ಒಬ್ಬರ ಪತ್ರದ ಸಾರ: ‘ಪುಟದ ತುಂಬ ಎಸ್. 3326, ಪಿ. 3532 ಎಂಬ ನಂಬರುಗಳು. ಕನ್ನಡದ ಓದುಗರಿಗೆ ಇದರಿಂದೇನು? ನಾನೂ ಒಂದು ಲೇಖನ ಬರೆಯುತ್ತಿದ್ದೇನೆ. ಇವನ್ನು ಬಿಟ್ಟು ಕಳಿಸಬಹುದೇ? ಊರಿನ ಹೆಸರು ತುನ್‌ಹುವಾಂಗೋ ದುನ್‌ಹುವಾಂಗೋ?’)

ಮಾನ್ಯರೇ,

ಲೇಖನ ಖಂಡಿತ ಕಳಿಸಿ, ನಂಬರು ಮಾತ್ರ ಬಿಡಬೇಡಿ. ದುನ್‌ಹುವಾಂಗ್ ಬಳಿಯ ಮೊಗಾವ್ ಬೌದ್ಧ ಗುಹೆಗಳಲ್ಲಿ 17ನೆಯದರ ಗ್ರಂಥರಾಶಿ 1900ರಲ್ಲಿ ಬೆಳಕಿಗೆ ಬಂತು. 1907ರಲ್ಲಿ ಆರೆಲ್ ಸ್ಟೈನ್, ಮರುವರ್ಷ ಪಾಲ್ ಪೆಲಿಯೊ ಸಾವಿರಾರು ಸುರುಳಿಗಳನ್ನು ಲಂಡನ್, ಪ್ಯಾರಿಸ್ ಕಡೆಗೆ ಸಾಗಿಸಿದರು. ನಂಬರಿನ ‘ಎಸ್’ ಎಂದರೆ ಸ್ಟೈನ್, ‘ಪಿ’ ಎಂದರೆ ಪೆಲಿಯೊ. ಆಮೇಲೆ ಉಳಿದದ್ದರಲ್ಲಿ ದೊಡ್ಡ ಪಾಲು ಬೀಜಿಂಗ್ ಸೇರಿತು. ವಜ್ರಚ್ಛೇದಿಕಾ ಎಂಬ ಬೌದ್ಧ ಸೂತ್ರ ಒಂದರದೇ ನೂರಾರು ಪ್ರತಿಗಳಿವೆ. ‘ದುನ್‌ಹುವಾಂಗಿನ ವಜ್ರಚ್ಛೇದಿಕಾ’ ಎಂದಷ್ಟೇ ಬರೆದರೆ ಯಾವುದನ್ನು ಹುಡುಕುವುದು?

868ರ ಪ್ರಸಿದ್ಧ ಅಚ್ಚಿನ ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ: ಓಆರ್. 8210/ಪಿ. 2. ಇಲ್ಲಿ ‘ಪಿ’ ಅಂದರೆ ಪ್ರಿಂಟೆಡ್, ಪೆಲಿಯೊ ಅಲ್ಲ. ಮೊದಲಿನ ‘ಓಆರ್. 8210’ ಬಿಟ್ಟು ‘ಪಿ. 2’ ಎಂದರೆ ಓದುಗರು ಪ್ಯಾರಿಸಿನ ಪಟ್ಟಿಯಲ್ಲಿ ತಡಕಾಡುತ್ತಾರೆ. ಪೆಲಿಯೊ ಸಂಗ್ರಹದಲ್ಲೂ ಚೀನೀ, ಟಿಬೆಟನ್ ಗ್ರಂಥಗಳಿಗೆ ಬೇರೆ ಬೇರೆ ಎಣಿಕೆ. ಹಾಗಾಗಿ ಭಾರತ ಸುತ್ತಿದ ಕೊರಿಯಾದ ಭಿಕ್ಷು ಹ್ಯೇಚೊನ ಪ್ರವಾಸಕಥನದ ನಂಬರನ್ನು ‘ಪೆಲಿಯೊ ಶಿನ್ವಾ 3532’ (ಶಿನ್ವಾ ಎಂದರೆ ಫ್ರೆಂಚಿನಲ್ಲಿ ಚೀನೀ) ಎಂದು ಪೂರ್ತಿ ಬರೆಯಬೇಕು. ನಾವು ‘ಪಿ. 3532’ ಎಂದು ಮೊಟಕು ಮಾಡಿದ್ದು ತಪ್ಪೇ.

ನಂಬರಿನ ಜೊತೆ ಕಾಗದದ ಮಗ್ಗುಲನ್ನೂ (ಮುಂಬದಿಯೋ ಹಿಂಬದಿಯೋ) ಹೇಳಿ. ಕಾಗದ ದುಬಾರಿ, ಹಳೆಯ ಸೂತ್ರದ ಬೆನ್ನಿಗೆ ಎಷ್ಟೋ ಕಾಲದ ನಂತರ ಸಾಲಪತ್ರ, ಲೆಕ್ಕ, ಹುಡುಗರ ಕಾಪಿ ಬರವಣಿಗೆ ಬಿದ್ದಿರುತ್ತದೆ. ಹಿಂಬದಿಯ ಪತ್ರದ ತಾರೀಖನ್ನು ಮುಂಬದಿಯ ಸೂತ್ರಕ್ಕೆ ಅಂಟಿಸಿದರೆ ಲೆಕ್ಕ ನೂರಾರು ವರ್ಷ ತಪ್ಪಬಹುದು. ಸುರುಳಿ ಎಂದರೆ ಹಾಳೆಗೆ ಹಾಳೆ ಅಂಟಿಸಿದ್ದು ತಾನೇ? ಅಂಟು ಬಿಟ್ಟು ತುಂಡುಗಳು ಬೇರೆ ಬೇರೆ ದೇಶ ಸೇರಿವೆ. ಹರಿದ ಅಂಚು, ಗೆರೆಯ ಅಂತರ, ಕೈಬರಹ, ಸಾಲಿನ ಅಕ್ಷರಸಂಖ್ಯೆ (ಸೂತ್ರಗಳಲ್ಲಿ ಸಾಮಾನ್ಯವಾಗಿ 17) ಹೊಂದಿದರೆ ಮಾತ್ರ ‘ಒಂದೇ ಸುರುಳಿ’ ಎನ್ನಿ. ಎರಡೂ ನಂಬರು ಕೊಡಿ.

ತಾರೀಖಿನಲ್ಲಿ ಎಡವುವವರೇ ಹೆಚ್ಚು. ಆ ಅಚ್ಚಿನ ಪ್ರತಿಯ ಕೊನೆಯಲ್ಲಿರುವುದು ಚೀನೀ ಪಂಚಾಂಗದ ಷ್ಯೆನ್‌ಥುಂಗ್ ಎಂಬ ಶಕೆಯ 9ನೇ ವರ್ಷ, 4ನೇ ತಿಂಗಳು, 15ನೇ ದಿನ. ಇದು ಏಪ್ರಿಲ್ 15 ಅಲ್ಲ, 868ರ ಮೇ 11. ನಮ್ಮ ವೈಶಾಖ ಯಾವತ್ತೂ ಏಪ್ರಿಲ್ ಒಂದಕ್ಕೇ ಶುರುವಾಗುವುದಿಲ್ಲವಲ್ಲ, ಹಾಗೇ ಇದು. 12ನೇ ತಿಂಗಳಾದರೆ ಇಸವಿಯೇ ಮುಂದಕ್ಕೆ ಹೋಗಬಹುದು. ಮೂಲದ ತಾರೀಖನ್ನೂ ಪರಿವರ್ತಿಸಿದ್ದನ್ನೂ ಒಟ್ಟಿಗೆ ಬರೆಯಿರಿ.

ಇನ್ನು ಹೆಸರು. ಚೀನೀ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಈಗಿನ ಪದ್ಧತಿ ಪಿನ್‌ಯಿನ್. ಅದರ ‘ಡಿ’ ಉಚ್ಚಾರದಲ್ಲಿ ನಮ್ಮ ತ, ‘ಟಿ’ ನಮ್ಮ ಥ. ಹಳೆಯ ವೇಡ್-ಜೈಲ್ಸ್ ಪದ್ಧತಿಯಲ್ಲಿ ಎರಡಕ್ಕೂ ‘ಟಿ’; ಮಹಾಪ್ರಾಣಕ್ಕೆ ಪಕ್ಕದಲ್ಲಿ ಒಂದು ಅಪಾಸ್ಟ್ರಫಿ (’) ಗುರುತು, ಅದನ್ನು ಅಚ್ಚಿನವರು ಬಿಟ್ಟೇಬಿಡುತ್ತಿದ್ದರು. ಇಂಗ್ಲಿಷಿನವರಿಗಿಲ್ಲದ ಅನುಕೂಲ ಕನ್ನಡಕ್ಕಿದೆ: ತುನ್‌ಹುವಾಂಗ್, ಥಾಂಗ್ (ರಾಜವಂಶದ ಹೆಸರು) ಎಂದು ಬರೆದರೆ ದನಿ ಹೆಚ್ಚು ಹತ್ತಿರ. ಆದರೂ ‘ದುನ್‌ಹುವಾಂಗ್’ ರೂಢಿಯಾಗಿದೆ ಎಂದು ನಾವು ಅದನ್ನೇ ಉಳಿಸಿಕೊಂಡಿದ್ದೇವೆ. ನೀವು ಬೇರೆ ರೂಪ ಬಳಸಿದರೆ ತಿದ್ದುವುದಿಲ್ಲ, ಲೇಖನದುದ್ದಕ್ಕೂ ಒಂದೇ ಇರಲಿ. ಇಮ್ಮಡಿ ಪುಲಕೇಶಿಯ ನಾಡನ್ನು ವರ್ಣಿಸಿದ ಯಾತ್ರಿಕನನ್ನು ಮಾತ್ರ ಮೊದಲ ಸಲ ‘ಷ್ವೆನ್‌ಜಾಂಗ್ (ಹ್ಯೂಯೆನ್ ತ್ಸಾಂಗ್)’ ಎಂದೇ ಬರೆಯಿರಿ. ಪಾಠದಲ್ಲಿ ಓದಿದವರಿಗೆ ಅವನು ಇವನೇ ಎಂದು ತಿಳಿಯಬೇಕು.

ಚಿತ್ರಗಳಿದ್ದರೆ ಆಯಾ ಗ್ರಂಥಾಲಯದ ಬಳಕೆಯ ಷರತ್ತನ್ನು ಓದಿ, ಅನುಮತಿ ಬೇಕಿದ್ದರೆ ಅದನ್ನು ಪಡೆದು ಲೇಖನದ ಜೊತೆಗೇ ಲಗತ್ತಿಸಿ.