0.4375 ಅನ್ನು ಸರಳ ಭಿನ್ನರಾಶಿ ಮಾಡುವುದು ಹೇಗೆ? 0.58333... ಬಂದರೆ?

0.4375 ಅನ್ನು 4375/10000 ವರೆಗೆ ತಂದು ನಿಂತಿದ್ದೇನೆ, 0.58333...ಕ್ಕೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ ಎಂದು ಕೇಳಿದ್ದೀರಿ. ಉಡುಪಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಅವರೂ ಜಾಸ್ತಿ ಸಿಕ್ಕಿಬೀಳುವುದು ಈ ಎರಡು ಜಾಗದಲ್ಲೇ.

ಮೊದಲನೆಯದರಲ್ಲಿ ನೀವು ಅರ್ಧ ದಾರಿ ಬಂದಾಗಿದೆ. ಬಿಂದುವಿನ ನಂತರ ನಾಲ್ಕು ಅಂಕೆ, ಹಾಗಾಗಿ ಛೇದ 10000. ಇನ್ನು ಸಣ್ಣದು ಮಾಡಬೇಕು. ಇಲ್ಲಿ ಮಕ್ಕಳು 3ರಿಂದ ಹೋಗುತ್ತದಾ, 7ರಿಂದ ಹೋಗುತ್ತದಾ ಅಂತ ಸುಮ್ನೆ ಒದ್ದಾಡುತ್ತಾರೆ. ಅದು ಬೇಡವೇ ಬೇಡ. 10, 100, 1000 ಎಲ್ಲವೂ 2 ಮತ್ತು 5ರ ಗುಣಲಬ್ಧ ಮಾತ್ರ. ಛೇದದಲ್ಲಿ ಬೇರೆ ಅಪವರ್ತನವೇ ಇಲ್ಲದ ಮೇಲೆ ಬೇರೆ ಯಾವುದರಿಂದ ಹೊಡೆಯುವುದು?

ಇನ್ನೂ ಒಂದು ಸುಲಭವಿದೆ. ಕೊನೆಯ ಸೊನ್ನೆಗಳನ್ನು ಮೊದಲೇ ತೆಗೆದುಬಿಡಿ, 0.450 ಇದ್ದರೆ 0.45 ಮಾಡಿ. ಆಮೇಲೆ ಕೊನೆಯ ಅಂಕೆ ನೋಡಿ. ಅದು 5 ಆದರೆ 5ರಿಂದ ಮಾತ್ರ ಭಾಗಿಸುತ್ತಾ ಹೋಗಿ. ಸಮ ಅಂಕೆಯಾದರೆ 2ರಿಂದ ಮಾತ್ರ. 1, 3, 7, 9 ಆದರೆ ಅದು ಆಗಲೇ ಸರಳ ರೂಪದಲ್ಲಿದೆ, 37/100ರ ಹಾಗೆ. ನಿಮ್ಮದು 5ರಲ್ಲಿ ಮುಗಿದಿದೆ: 4375/10000, 875/2000, 175/400, 35/80, 7/16. 7ಕ್ಕೆ 5 ಹೋಗುವುದಿಲ್ಲ, ಮುಗಿಯಿತು. ಹಾಗೇ 0.048 ಎಂದರೆ 48/1000, 24/500, 12/250, 6/125. ಇಷ್ಟು ಸಲೀಸಾದ ವಿಷಯವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇನ್ನು 0.58333... ಇದು ಆವರ್ತ ದಶಮಾಂಶ, 3 ಮುಗಿಯುವುದೇ ಇಲ್ಲ. ಆ ಬಾಲವನ್ನು ಕಳೆಯುವ ಉಪಾಯ ಮಾಡಬೇಕು. ಸಂಖ್ಯೆಯನ್ನು 1000ದಿಂದ ಗುಣಿಸಿದರೆ 583.333..., 100ರಿಂದ ಗುಣಿಸಿದರೆ 58.333... ಎರಡರ ಬಾಲವೂ ಒಂದೇ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಸಂಖ್ಯೆಯ 900 ಪಟ್ಟು 525 ಎಂದು ಬರುತ್ತದೆ, ಅಂದರೆ ಅದು 525/900.

ಇಲ್ಲಿ ಛೇದದಲ್ಲಿ 9 ಬಂದಿರುವುದರಿಂದ 2 ಮತ್ತು 5 ಮಾತ್ರ ನೋಡಿದರೆ ಸಾಲದು. ಮ.ಸಾ.ಅ., ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ (ಮಹತ್ತಮ ಸಾಮಾನ್ಯ ಅಪವರ್ತನ) ಕಂಡುಹಿಡಿಯಿರಿ. 900ವನ್ನು 525ರಿಂದ ಭಾಗಿಸಿದರೆ ಶೇಷ 375. 525ನ್ನು 375ರಿಂದ, ಶೇಷ 150. 375ನ್ನು 150ರಿಂದ, ಶೇಷ 75. 150ಕ್ಕೆ 75 ಪೂರ್ತಿ ಹೋಗುತ್ತದೆ, ಹಾಗಾಗಿ ಮ.ಸಾ.ಅ. 75. ಮೇಲೂ ಕೆಳಗೂ 75ರಿಂದ ಭಾಗಿಸಿದರೆ 7/12.

ಕ್ಯಾಲ್ಕುಲೇಟರ್ ನೋಡಿ ಬರೆಯುವಾಗ ಮಾತ್ರ ಜಾಗ್ರತೆ. 0.33 ಎಂದರೆ 33/100, ಅದು 1/3 ಅಲ್ಲ. ನಮ್ಮ ಕರಾವಳಿಯಲ್ಲಿ ಜಾಗದ ಲೆಕ್ಕ ಸೆಂಟ್ಸಿನಲ್ಲಿ ಅಲ್ವಾ, 100 ಸೆಂಟ್ಸಿಗೆ ಒಂದು ಎಕರೆ. ಒಂದು ಎಕರೆಯನ್ನು ಮೂವರಿಗೆ ಪಾಲು ಮಾಡಿ ತಲಾ 0.33 ಎಕರೆ ಅಂತ ಬರೆದರೆ ಒಟ್ಟು 99 ಸೆಂಟ್ಸ್ ಆಯಿತು. ಉಳಿದ ಒಂದು ಸೆಂಟ್ಸ್, ಅಂದರೆ 435.6 ಚದರ ಅಡಿ, ಯಾರ ಪಾಲಿಗೂ ಇಲ್ಲ. 1/3 ಅಂತ ಬರೆದರೆ ಆ ತಕರಾರೇ ಬರುವುದಿಲ್ಲ.

ಹಾಗಾಗಿ ನಿಮ್ಮ 0.58333... ಎಲ್ಲಿಂದ ಬಂತು ಅಂತ ಒಮ್ಮೆ ನೋಡಿಕೊಳ್ಳಿ. ಭಾಗಾಕಾರದಿಂದ ಬಂದಿದ್ದು, 3 ಹಾಗೇ ಮುಂದುವರಿಯುತ್ತಿದ್ದರೆ ಉತ್ತರ 7/12. ಪುಸ್ತಕದಲ್ಲಿ ಬರೀ 0.5833 ಅಂತ ಕೊಟ್ಟು, ಚುಕ್ಕಿಯೂ ಇಲ್ಲದೆ 3ರ ಮೇಲೆ ಗೆರೆಯೂ ಇಲ್ಲದಿದ್ದರೆ 5833/10000 ಎಂದೇ ಬರೆಯಿರಿ. ಕೊನೆಯ ಅಂಕೆ 3, ಅದನ್ನು ಇನ್ನು ಸಣ್ಣದು ಮಾಡಲು ಬರುವುದಿಲ್ಲ.