ಎಣ್ಣೆ ಹೋಯಿತು ಸರಿ, ಎಲ್ಲಿಗೆ ಹೋಯಿತು?

ಹೋದ ತಿಂಗಳು ನಾವು ಪ್ರಕಟಿಸಿದ ಕಡಲ ತೈಲ ಸೋರಿಕೆಯ ಲೇಖನಕ್ಕೆ ಕಾರವಾರದ ಓದುಗರೊಬ್ಬರು ಖಾರವಾಗಿಯೇ ಪತ್ರ ಬರೆದಿದ್ದಾರೆ. ಸಾರ ಇಷ್ಟು: 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿ ಕಂಪನಿಯ ತೈಲ ಬಾವಿ ಸಿಡಿದು ಮೂರು ತಿಂಗಳು ಎಣ್ಣೆ ಉಕ್ಕಿತು, ಅದರಲ್ಲಿ ಮುಕ್ಕಾಲು ಪಾಲು ಹೋಯಿತೆಂದು ಅಮೆರಿಕದ ಅಧಿಕಾರಿಗಳೇ ಹೇಳಿದರು. ಬ್ಯಾಕ್ಟೀರಿಯಾಗಳು ಅದನ್ನು ತಿಂದವು, ಸತ್ತ ಮೀನೂ ಕಾಣಲಿಲ್ಲ. ಹೀಗಿರುವಾಗ 2025ರ ಮೇ ತಿಂಗಳಲ್ಲಿ ಕೇರಳದೆದುರು ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ ನಾನೂರೈವತ್ತು ಟನ್ ಎಣ್ಣೆಗೆ ಯಾಕಿಷ್ಟು ಗದ್ದಲ? ನೀವು ಬರೆದು ಹೆದರಿಸುತ್ತೀರಿ, ಜನ ಮೀನು ಕೊಳ್ಳುವುದು ಬಿಡುತ್ತಾರೆ, ಪೆಟ್ಟು ಮೀನುಗಾರರಿಗೆ. ನಿಜಕ್ಕೂ ಅಪಾಯವಿದ್ದರೆ ಔಷಧಿ ಸಿಂಪಡಿಸಿ ಕರಗಿಸಬಾರದೇ? ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎಣ್ಣೆ ಎತ್ತಲು ಬಕೆಟ್ ಹಿಡಿದು ನಿಂತದ್ದು ಯಾವ ಸೀಮೆ ವಿಜ್ಞಾನ? ಕಾರವಾರದ ಮರಳಿನಲ್ಲಿ ಪ್ರತಿ ಮಳೆಗಾಲ ಡಾಂಬರಿನಂಥ ಎಣ್ಣೆಯುಂಡೆ, ಅದೇ ಟಾರ್‌ಬಾಲ್ ಬೀಳುತ್ತದೆ, ಯಾರೂ ಸತ್ತಿಲ್ಲ. ನಿಮ್ಮ ಅಂಕಿಯೂ ತಪ್ಪು. ಕೊನೆಗೆ, ಎಣ್ಣೆ ಬಂದರೂ ಕಾಳಿ ನದಿಯ ಬಾಯಿಗೆ ಬೂಮ್, ಅಂದರೆ ಎಣ್ಣೆ ತಡೆಯುವ ತೇಲುಬೇಲಿ, ಅಡ್ಡ ಕಟ್ಟಿದರೆ ಆಯಿತಲ್ಲ?

ಮಾನ್ಯರೆ,

ಅಂಕಿಯಿಂದಲೇ ಶುರು ಮಾಡೋಣ, ಏಕೆಂದರೆ ಅಲ್ಲಿ ನೀವು ಹೇಳಿದ್ದು ಸರಿ. ‘49 ಲಕ್ಷ ಬ್ಯಾರೆಲ್ ಸಮುದ್ರ ಸೇರಿತು’ ಎಂದು ಬರೆದದ್ದು ನಮ್ಮ ತಪ್ಪು. ಅದು ಸರ್ಕಾರಿ ವಿಜ್ಞಾನಿಗಳು 2010ರಲ್ಲಿ ಮಾಡಿದ ಅಂದಾಜು, ಅದೂ ಬಾವಿಯಿಂದ ಹೊರಬಂದ ಒಟ್ಟು ಮೊತ್ತ. 2015ರ ಜನವರಿಯಲ್ಲಿ ನ್ಯಾಯಾಲಯ ತೀರ್ಮಾನಿಸಿದ್ದು ಹೀಗೆ: ಹೊರಬಂದದ್ದು 40 ಲಕ್ಷ ಬ್ಯಾರೆಲ್, ನಡುವೆಯೇ ಹಿಡಿದದ್ದು 8.1 ಲಕ್ಷ, ಸಮುದ್ರಕ್ಕೆ ಹೋದದ್ದು 31.9 ಲಕ್ಷ. ಬ್ಯಾರೆಲ್ ಅಂದರೆ 159 ಲೀಟರ್. ಬಿಪಿ ಕಂಪನಿ 24.5 ಲಕ್ಷ ಎಂದು ವಾದಿಸಿತ್ತು. ದಂಡವನ್ನು ಬ್ಯಾರೆಲ್ ಲೆಕ್ಕದಲ್ಲಿ ಹಾಕುವುದು ಅಲ್ಲಿಯ ಕಾನೂನು: ಆಗ ಸಾಮಾನ್ಯ ತಪ್ಪಿಗೆ 1,100 ಡಾಲರ್‌ವರೆಗೆ, ಘೋರ ನಿರ್ಲಕ್ಷ್ಯವಾದರೆ 4,300 ಡಾಲರ್‌ವರೆಗೆ. ಹಾಗಾಗಿ ಒಂದೊಂದು ಬ್ಯಾರೆಲ್‌ಗೂ ಜಗ್ಗಾಟ ನಡೆಯಿತು. ಮೊದಲ ದಿನಗಳಲ್ಲಿ ಸೋರಿಕೆ ದಿನಕ್ಕೆ 1,000 ಬ್ಯಾರೆಲ್ ಎಂದರು, ಆಮೇಲೆ 5,000 ಎಂದರು. ಕೊನೆಗೆ ಸರ್ಕಾರಿ ತಂಡವೇ ಲೆಕ್ಕ ಹಾಕಿದಾಗ ಆರಂಭದ ಹರಿವು ದಿನಕ್ಕೆ 62,000 ಬ್ಯಾರೆಲ್ ಎಂದಾಯಿತು. ಸೋರಿಕೆಯ ಮೊದಲ ವಾರದ ಅಂಕಿಯನ್ನು, ಅದು ಯಾರೇ ಕೊಟ್ಟದ್ದಾಗಲಿ, ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವುದು ಕ್ಷೇಮ.

ಈಗ ‘ಮುಕ್ಕಾಲು ಪಾಲು ಹೋಯಿತು’ ಎಂಬ ಮಾತು. ಬಾವಿಯ ಬಾಯಿ ಮುಚ್ಚಿದ್ದು 2010ರ ಜುಲೈ 15ಕ್ಕೆ. ಆಗಸ್ಟ್ ಆರಂಭದಲ್ಲಿ ಸರ್ಕಾರ ಎಣ್ಣೆಯ ಜಮಾಖರ್ಚು ಬಿಡುಗಡೆ ಮಾಡಿತು. ಅದನ್ನು ಬಿಡಿಸಿ ನೋಡಿ. ಬಾವಿಯ ಬಾಯಲ್ಲೇ ಹಿಡಿದದ್ದು ಶೇ 17, ನೀರಿನ ಮೇಲೆ ಸುಟ್ಟದ್ದು ಶೇ 5, ಯಂತ್ರದಿಂದ ಬಾಚಿದ್ದು ಶೇ 3. ಮನುಷ್ಯರು ಹಿಡಿದದ್ದು, ತೆಗೆದದ್ದು ಇಷ್ಟೇ, ಕಾಲು ಪಾಲು. ಆವಿಯಾಗಿದ್ದು ಮತ್ತು ನೀರಿನಲ್ಲಿ ಕರಗಿದ್ದು ಸೇರಿ ಶೇ 25. ತಾನಾಗಿ ಹನಿಹನಿಯಾಗಿ ಚದುರಿದ್ದು ಶೇ 16, ರಾಸಾಯನಿಕದಿಂದ ಚದುರಿಸಿದ್ದು ಶೇ 8. ಉಳಿದ ಶೇ 26 ತೇಲುತ್ತಲೋ ದಡದಲ್ಲೋ ಇತ್ತು. ಆ ಶೇ 26 ಬಿಟ್ಟು ಮಿಕ್ಕಿದ್ದನ್ನೆಲ್ಲ ‘ಹೋಯಿತು’ ಎಂಬ ಒಂದೇ ಖಾತೆಗೆ ಬರೆದರು. ಆದರೆ ಕರಗಿದ್ದು ನೀರಿನಲ್ಲೇ ಇದೆ, ಚದುರಿದ್ದೂ ನೀರಿನಲ್ಲೇ ಇದೆ. ಅದೇ ತಿಂಗಳು ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಸಂಶೋಧಕರು ಸುಮಾರು 1,100 ಮೀಟರ್ ಆಳದಲ್ಲಿ 35 ಕಿ.ಮೀ.ಗೂ ಉದ್ದದ ಹೈಡ್ರೋಕಾರ್ಬನ್ (ಎಣ್ಣೆಯ ಅಂಶಗಳ) ಪಟ್ಟಿ ಸಿಕ್ಕಿತೆಂದು ಪ್ರಕಟಿಸಿದರು. ಮೇಲಿನಿಂದ ಹಾರುವ ವಿಮಾನಕ್ಕೆ ಅದು ಕಾಣುವುದಾದರೂ ಹೇಗೆ?

ಬ್ಯಾಕ್ಟೀರಿಯಾಗಳು ಎಣ್ಣೆ ತಿಂದವು ಎಂಬ ನಿಮ್ಮ ಮಾತೂ ಸುಳ್ಳಲ್ಲ. ಆ ಕೊಲ್ಲಿಯ ತಳದಲ್ಲಿ ಎಣ್ಣೆ ಸದಾ ಅಲ್ಪಸ್ವಲ್ಪ ಜಿನುಗುತ್ತಿರುತ್ತದೆ, ಅದನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಮೊದಲೇ ಇದ್ದವು. ಆದರೆ ಅವು ಮೊದಲು ಕೈ ಹಾಕುವುದು ಹಗುರ ಅಂಶಗಳಿಗೆ. ಹಲವು ಇಂಗಾಲದ ಉಂಗುರ ಬೆಸೆದ ಬಹುವಲಯ ಆರೊಮ್ಯಾಟಿಕ್‌ಗಳು, ಡಾಂಬರಿನಂಥ ಭಾಗಗಳು ಕೊನೆಯ ಪಂಕ್ತಿಗೆ ಉಳಿಯುತ್ತವೆ, ಮೀನಿನ ಮರಿಗೆ ಕಂಟಕವಾಗುವುದೂ ಅವೇ ಆರೊಮ್ಯಾಟಿಕ್‌ಗಳು. ಬಾವಿ ಸಿಡಿದದ್ದು ಏಪ್ರಿಲ್ 20ರಂದು, ಬ್ಲೂಫಿನ್ ಟ್ಯೂನಾ ಅದೇ ಕೊಲ್ಲಿಯಲ್ಲಿ ಮೊಟ್ಟೆಯಿಡುವ ಹಂಗಾಮಿನಲ್ಲಿ. ಈ ಅಂಶಗಳು ಟ್ಯೂನಾದ ಹೃದಯದ ಜೀವಕೋಶಗಳ ಮಿಡಿತವನ್ನೇ ಏರುಪೇರು ಮಾಡುತ್ತವೆಂದು 2014ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಹೃದಯ ಸರಿಯಾಗಿ ಕೂಡದ ಮರಿ ಸತ್ತು ದಡಕ್ಕೆ ಬಂದು ಬೀಳುವುದಿಲ್ಲ. ‘ಸತ್ತ ಮೀನು ಕಾಣಲಿಲ್ಲ’ ಎಂಬುದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ.

ಇನ್ನು ನೀವು ಔಷಧಿ ಎಂದದ್ದು. ಡಿಸ್ಪರ್ಸೆಂಟ್ ಅಂದರೆ ದ್ರಾವಕದಲ್ಲಿ ಬೆರೆಸಿದ ಸಾಬೂನಿನ ಜಾತಿಯ ವಸ್ತು. ಜಿಡ್ಡು ಬಾಣಲೆಗೆ ಸೋಪಿನ ನೀರು ಹಾಕಿದರೆ ಬಾಣಲೆ ಫಳಫಳ ಆಗುತ್ತದೆ, ಜಿಡ್ಡು ಬಚ್ಚಲಿಗೆ ಹೋಗುತ್ತದೆ. ಸಮುದ್ರದಲ್ಲಿ ಬಾಣಲೆಯೂ ಬಚ್ಚಲೂ ಒಂದೇ. ಮೇಲಿನ ಪದರ ಕೂದಲೆಳೆಗಿಂತ ಸಣ್ಣ ಹನಿಗಳಾಗಿ ಒಡೆದು ನೀರೊಳಗೆ ಇಳಿಯುತ್ತದೆ. ಲಾಭವಿಲ್ಲದೆ ಇಲ್ಲ: ಹಕ್ಕಿಯ ರೆಕ್ಕೆಗೆ ಮೆತ್ತುವುದು, ಜೌಗಿಗೆ ನುಗ್ಗುವುದು ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾಕ್ಕೂ ಸಣ್ಣ ಹನಿ ಸುಲಭದ ತುತ್ತು. ನಷ್ಟ, ಅದೇ ನೀರಲ್ಲಿರುವ ಮೊಟ್ಟೆ, ಮರಿ, ಹವಳಕ್ಕೆ. ಮೆಕ್ಸಿಕೋ ಕೊಲ್ಲಿಯಲ್ಲಿ ಸುಮಾರು 70 ಲಕ್ಷ ಲೀಟರ್ ಸುರಿದರು; ಅದರಲ್ಲಿ 29 ಲಕ್ಷ ಲೀಟರನ್ನು 1,500 ಮೀಟರ್ ಆಳದಲ್ಲಿ, ಬಾವಿಯ ಬಾಯಿಗೇ ಬಿಟ್ಟರು. ಅಷ್ಟು ಆಳದಲ್ಲಿ, ಅಷ್ಟು ಪ್ರಮಾಣದಲ್ಲಿ ಹಿಂದೆ ಯಾರೂ ಬಿಟ್ಟಿರಲಿಲ್ಲ. ಅದರಿಂದ ಒಳಿತೆಷ್ಟು ಕೆಡುಕೆಷ್ಟು ಎಂದು ವಿಜ್ಞಾನಿಗಳು ಇಂದಿಗೂ ಕಾದಾಡುತ್ತಿದ್ದಾರೆ. ಇದಕ್ಕೂ ಹಿಂದಿನದೊಂದು ಪಾಠವಿದೆ. 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಬಳಿ ಟಾರಿ ಕ್ಯಾನ್ಯನ್ ಟ್ಯಾಂಕರ್ ಒಡೆದಾಗ ಕಡಲ ಮೇಲೂ ಬಂಡೆಗಳ ಮೇಲೂ ಸುಮಾರು 10,000 ಟನ್ ಡಿಟರ್ಜೆಂಟ್ ಸುರಿದರು. ಎಣ್ಣೆಯಷ್ಟೇ ತಾಗಿದ ಬಂಡೆಗಳು ಎರಡು ಮೂರು ವರ್ಷದಲ್ಲಿ ಚೇತರಿಸಿಕೊಂಡವು. ಡಿಟರ್ಜೆಂಟ್ ಚೆನ್ನಾಗಿ ಬಿದ್ದ ಕಡೆ ಹತ್ತು ವರ್ಷದ ಮೇಲೆ ಹಿಡಿಯಿತು. ಇಂದಿನ ರಾಸಾಯನಿಕಗಳು ಆಗಿನಷ್ಟು ವಿಷವಲ್ಲ, ಆದರೆ ನಿಯಮ ಹುಟ್ಟಿದ್ದು ಅಲ್ಲಿಂದ. ಬ್ರಿಟನ್‌ನಲ್ಲಿ ಈಗ 20 ಮೀಟರ್‌ಗಿಂತ ಕಡಿಮೆ ಆಳದ ನೀರಿನಲ್ಲಿ ವಿಶೇಷ ಒಪ್ಪಿಗೆಯಿಲ್ಲದೆ ಸಿಂಪಡಿಸುವಂತಿಲ್ಲ. ನಮ್ಮಲ್ಲೂ ಕೋಸ್ಟ್ ಗಾರ್ಡ್ ಅನುಮತಿ ಬೇಕು.

ಎಣ್ಣೂರಿನಲ್ಲಿ ಯಾಕೆ ಬಕೆಟ್ ಹಿಡಿದರು ಎಂಬುದಕ್ಕೆ ಉತ್ತರ ಇಲ್ಲೇ ಅರ್ಧ ಸಿಕ್ಕಿತು. 2017ರ ಜನವರಿ 28ರ ನಸುಕಿನಲ್ಲಿ ಕಾಮರಾಜರ್ ಬಂದರಿನ ಹೊರಗೆ ಎರಡು ಹಡಗು ಡಿಕ್ಕಿಯಾದವು. ಸೋರಿಕೆಯೇ ಇಲ್ಲ ಎಂದು ಮೊದಲು ಹೇಳಿಕೆ ಬಂತು. ಅಷ್ಟರಲ್ಲಿ ಎಣ್ಣೆ ಎರ್ಣಾವೂರಿನ ಕಲ್ಲುಗಳಿಗೆ ಬಂದು ಕೂತಿತ್ತು. ಅದು ಫರ್ನೇಸ್ ಆಯಿಲ್, ಅಂದರೆ ಸಂಸ್ಕರಣೆಯ ಕೊನೆಗೆ ಉಳಿಯುವ ಗಷ್ಟು. ಹಗುರ ಕಚ್ಚಾ ತೈಲದಲ್ಲಿ ಶೇ 40ರವರೆಗೂ ಮೊದಲ ಒಂದೆರಡು ದಿನದಲ್ಲಿ ಆವಿಯಾಗಬಹುದು. ಇದರಲ್ಲಿ ಶೇ 10 ಆದರೆ ಹೆಚ್ಚು. ಅಲೆಗೆ ಸಿಕ್ಕಿ ಶೇ 60–80 ನೀರು ಹೀರಿಕೊಂಡು, ಮೂರು ನಾಲ್ಕು ಪಟ್ಟು ಉಬ್ಬಿ, ಚಾಕೊಲೇಟ್ ಬಣ್ಣದ ಮುದ್ದೆಯಾಗುತ್ತದೆ. ಆ ಮುದ್ದೆಯ ಮೇಲೆ ಡಿಸ್ಪರ್ಸೆಂಟ್ ಹಾಕಿದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಹೋಗುತ್ತದೆ. ಇಪ್ಪತ್ತು ಪಾಲು ಎಣ್ಣೆಗೆ ಒಂದು ಪಾಲು ಎಂಬ ಲೆಕ್ಕವೆಲ್ಲ ಎಣ್ಣೆ ಇನ್ನೂ ತೆಳುವಾಗಿ ಹರಿಯುವ ಮೊದಲ ಕೆಲವು ಗಂಟೆಗಳಿಗೆ, ಹೆಚ್ಚೆಂದರೆ ಒಂದೆರಡು ದಿನಕ್ಕೆ. ಕಲ್ಲು ಸಂದಿಯ ಗಟ್ಟಿ ಮುದ್ದೆಗೆ ಹೀರುವ ಪಂಪೂ ಕಟ್ಟಿಕೊಳ್ಳುತ್ತದೆ. ಅಂಥಲ್ಲಿ ಬಕೆಟ್, ಸಲಿಕೆಯೇ ಸರಿಯಾದ ಸಲಕರಣೆ. ನಾಚಿಕೆಪಡಬೇಕಾದ್ದು ಬಕೆಟ್ಟಿಗಲ್ಲ, ಅದನ್ನು ಹಿಡಿದವರಲ್ಲಿ ಎಷ್ಟೋ ಮಂದಿಗೆ ಸರಿಯಾದ ಗ್ಲೌಸ್ ಇಲ್ಲದ್ದಕ್ಕೆ, ಮತ್ತು ಆ ಮೊದಲ ಹೇಳಿಕೆಗೆ.

ಹಾಗಾಗಿ ಟನ್ನಿಗೆ ಟನ್ ತೂಗಬೇಡಿ. 1993ರ ಜನವರಿಯಲ್ಲಿ ಶೆಟ್ಲೆಂಡ್ ದ್ವೀಪದ ಬಳಿ ಬ್ರೇರ್ ಟ್ಯಾಂಕರ್‌ನಿಂದ 85,000 ಟನ್ ಹಗುರ ಕಚ್ಚಾ ತೈಲ ಚೆಲ್ಲಿತು. ಬಿರುಗಾಳಿ ಅದನ್ನು ಕಡೆದು ಹಾಕಿತು, ದಡಕ್ಕೆ ಬಂದದ್ದು ಬಹಳ ಕಡಿಮೆ. ಪತ್ರಿಕೆಗಳು ‘ಬಚಾವಾದೆವು’ ಎಂದು ಬರೆಯುವ ಹೊತ್ತಿಗೆ ಎಣ್ಣೆಯ ದೊಡ್ಡ ಪಾಲು ತಳದ ಕೆಸರಿಗೆ ಇಳಿದಿತ್ತು. ಆ ಕೆಸರಿನಲ್ಲಿ ಬಿಲ ಕೊರೆದು ಬಾಳುವ ನಾರ್ವೆ ಲಾಬ್‌ಸ್ಟರ್ ಹಿಡಿಯುವುದಕ್ಕಿದ್ದ ನಿಷೇಧ ತೆರವಾದದ್ದು 2000ದಲ್ಲಿ.

ಎಲ್ಸಾ 3ರ ಟ್ಯಾಂಕಿನಲ್ಲಿದ್ದದ್ದು 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್. ಇದು ಹಡಗಿನಲ್ಲಿದ್ದ ಲೆಕ್ಕವೇ ಹೊರತು ಸೋರಿದ ಲೆಕ್ಕವಲ್ಲ. ಈ ಎರಡನ್ನೂ ಕಲಸಿ ಬರೆದ ವರದಿಗಳ ಬಗ್ಗೆ ನಿಮಗಿರುವ ಸಿಟ್ಟು ನಮಗೂ ಇದೆ. ‘ಇಷ್ಟು ಚದರ ಕಿ.ಮೀ. ಎಣ್ಣೆ’ ಎಂಬ ಸುದ್ದಿಯೂ ಹಾಗೆಯೇ, ಬಣ್ಣ ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ. ಬೆಳ್ಳಿಯಂತೆ ಹೊಳೆದರೆ ಒಂದು ಚದರ ಕಿ.ಮೀ.ಗೆ 40ರಿಂದ 300 ಲೀಟರ್. ಕಾಮನಬಿಲ್ಲಿನ ಬಣ್ಣವಿದ್ದರೆ 300ರಿಂದ 5,000. ಎಣ್ಣೆಯದೇ ಕಪ್ಪು ಬಣ್ಣ ಒಂದೇ ಸಮನೆ ಕಂಡರೆ 2 ಲಕ್ಷ ಲೀಟರ್‌ಗೂ ಮೇಲೆ. ವಿಮಾನದಿಂದ ನೋಡುವವರು ಬಳಸುವ ಕೋಷ್ಟಕ ಇದೇ.

ಮೀನಿನ ವಿಷಯದಲ್ಲಿ ನಿಮ್ಮ ಅಳಲು ಅಲ್ಲಗಳೆಯುವಂಥದ್ದಲ್ಲ. ಬಂಗುಡೆಯಂಥ ಮೀನು ಈಜಿ ದೂರ ಹೋಗುತ್ತದೆ. ಒಳಹೊಕ್ಕ ಆರೊಮ್ಯಾಟಿಕ್‌ಗಳನ್ನು ಅದರ ಯಕೃತ್ತು ಬೇಗ ಒಡೆದು ಹೊರಹಾಕುತ್ತದೆ. ಚಿಪ್ಪಿನ ಜೀವಿಗಳಿಗೆ ಈ ಎರಡೂ ಸಾಧ್ಯವಿಲ್ಲ. ನೀರು ಸೋಸಿ ತಿನ್ನುವ ಬಳಚು, ಸಿಕ್ಕಿದ್ದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅಘನಾಶಿನಿ ಅಳಿವೆಗೆ ಎಣ್ಣೆ ಹೊಕ್ಕರೆ ಮೊದಲು ನಿಲ್ಲಿಸಬೇಕಾದ್ದು ಬಳಚು ತೆಗೆಯುವುದನ್ನು, ಬಂಗುಡೆ ಮಾರುವುದನ್ನಲ್ಲ. ಮೆಕ್ಸಿಕೋ ಕೊಲ್ಲಿಯಲ್ಲಿ ಒಂದು ಹಂತದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸುಪರ್ದಿಯಲ್ಲಿರುವ ನೀರಿನ ಮೂರನೇ ಒಂದು ಪಾಲಿಗೂ ಹೆಚ್ಚಿನ ಕಡೆ ಮೀನುಗಾರಿಕೆ ಮುಚ್ಚಿದ್ದರು. ತರಬೇತಾದ ಮೂಗಿನವರು ಮಾದರಿಗಳನ್ನು ಮೂಸಿ ನೋಡಿ, ಲ್ಯಾಬ್ ಪರೀಕ್ಷೆಯೂ ಪಾಸಾದ ಮೇಲೆ ತುಂಡು ತುಂಡಾಗಿ ತೆರೆದರು. ನಮ್ಮಲ್ಲಿ ಸಚಿವರು ಕ್ಯಾಮೆರಾ ಎದುರು ಮೀನು ತಿಂದು ತೋರಿಸುವುದುಂಟು. ಅದರಿಂದ ಕೊಳ್ಳುವವನ ಅನುಮಾನ ಹೋಗುವುದಿಲ್ಲ, ಯಾವ ಬಂದರಿನ ಯಾವ ಮೀನಿನಲ್ಲಿ ಎಷ್ಟು ಸಿಕ್ಕಿತೆಂಬ ಪಟ್ಟಿ ಹಾಕಿದರೆ ಹೋದೀತು.

ಕಾರವಾರದ ಟಾರ್‌ಬಾಲ್‌ಗೂ ಕೇರಳದ ಹಡಗಿಗೂ ಸಂಬಂಧ ಕಲ್ಪಿಸಬೇಕಿಲ್ಲ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಹರಿವು ದಕ್ಷಿಣಕ್ಕೆ. ಎಲ್ಸಾದ ಕಂಟೇನರ್‌ಗಳಿಂದ ಚೆಲ್ಲಿದ ಪ್ಲಾಸ್ಟಿಕ್ ಕಾಳು ತಿರುವನಂತಪುರದತ್ತ ಹೋಗಿದ್ದು ಅದಕ್ಕೇ. ನಿಮ್ಮಲ್ಲಿಗೆ ಬರುವುದು ಉತ್ತರದಿಂದ, ನಡುಗಡಲಿನಿಂದ. ಗೋವಾದ ಸಮುದ್ರ ವಿಜ್ಞಾನ ಸಂಸ್ಥೆಯವರು ಅಲ್ಲಿಯ ಟಾರ್‌ಬಾಲ್‌ಗಳ ರಾಸಾಯನಿಕ ಗುರುತು ಹಿಡಿದು, ಕೆಲವು ಮುಂಬೈ ಎದುರಿನ ಬಾಂಬೆ ಹೈ ತೈಲ ಕ್ಷೇತ್ರದ ಎಣ್ಣೆಯವು, ಕೆಲವು ಟ್ಯಾಂಕರ್‌ಗಳವು ಎಂದು ಬಿಡಿಸಿದ್ದಾರೆ. ಎಣ್ಣೆ ತೇಲುವುದು ಗಾಳಿಯ ವೇಗದ ಸುಮಾರು ಶೇ 3ರಷ್ಟರಲ್ಲಿ, ಜೊತೆಗೆ ನೀರಿನ ಹರಿವು. ಗಂಟೆಗೆ 30 ಕಿ.ಮೀ. ಗಾಳಿಯಿದ್ದರೆ ಗಾಳಿಯೊಂದೇ ದಿನಕ್ಕೆ 20 ಕಿ.ಮೀ. ಮೇಲೆ ನೂಕುತ್ತದೆ. ಕಾಲಿಗೆ ಮೆತ್ತಿದರೆ ಸೀಮೆಎಣ್ಣೆ ಹಚ್ಚಬೇಡಿ. ತೆಂಗಿನೆಣ್ಣೆ ತಿಕ್ಕಿ ಸೋಪು ಹಾಕಿದರೆ ಸಾಕು.

ಕಾಳಿ ನದಿಯ ಬಾಯಿಗೆ ಬೂಮ್ ಅಡ್ಡ ಕಟ್ಟಿದರೆ ಆಯಿತಲ್ಲ ಎಂದು ಕೊನೆಗೆ ಕೇಳಿದ್ದೀರಿ. ಅಡ್ಡ ಕಟ್ಟಿದರೆ ಆಗುವುದಿಲ್ಲ. ಬೂಮ್ ಎಂದರೆ ಮೇಲೆ ತೇಲುವ ಕೊಳವೆ, ಕೆಳಗೆ ಪರದೆ, ಪರದೆಯ ಅಂಚಿಗೆ ಭಾರಕ್ಕೆ ಸರಪಳಿ. ಅದಕ್ಕೆ ನೇರ ಬಡಿಯುವ ಹರಿವು 0.7 ನಾಟ್ (ಗಂಟೆಗೆ ಸುಮಾರು 1.3 ಕಿ.ಮೀ.) ದಾಟಿದರೆ ಎಣ್ಣೆ ಹನಿಯಾಗಿ ಕಿತ್ತು ಪರದೆಯಡಿ ನುಸುಳಿ ಆಚೆ ಏಳುತ್ತದೆ. ಬೂಮ್ ಹರಿದಿದೆಯೆಂದುಕೊಂಡು ಇನ್ನೊಂದು ತಂದು ಅದೇ ರೀತಿ ಕಟ್ಟುತ್ತಾರೆ. ಎರಡು ನಾಟ್ ಹರಿವಿದ್ದರೆ ಬೂಮ್ ಹರಿವಿಗೆ ಹೆಚ್ಚೆಂದರೆ 20 ಡಿಗ್ರಿ ಓರೆಯಲ್ಲಿರಬೇಕು, ಹರಿವು ಹೋಗುವ ಕಡೆಯ ಅದರ ತುದಿ ಲಾರಿ ಬರುವಂಥ ಮರಳು ದಂಡೆಗೆ ಮುಟ್ಟಬೇಕು, ಬಾಚುವ ಯಂತ್ರ ಅಲ್ಲಿ ಕಾದಿರಬೇಕು. ಭರತ ಇಳಿತಕ್ಕೆ ಹರಿವು ತಿರುಗಿದಾಗ ಬೂಮೂ ತಿರುಗಬೇಕು. ಕಾಂಡ್ಲಾ ಕಾಡಿನ (ಮ್ಯಾಂಗ್ರೋವ್) ಒಳಗೆ ಎಣ್ಣೆ ಹೊಕ್ಕಿತೋ, ತೆಗೆಯಲೆಂದು ಜನರನ್ನು ಇಳಿಸಬಾರದು. ತುಳಿದಷ್ಟೂ ಎಣ್ಣೆ ಕೆಸರಿಗೆ ಇಳಿದು, ಉಸಿರಾಡುವ ಬೇರಿನ ಬುಡಕ್ಕೇ ಸೇರುತ್ತದೆ.

ಕಡಲಲ್ಲಿ ಎಣ್ಣೆ ಕಂಡರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ. ಹೊತ್ತು, ಜಾಗ, ಬಣ್ಣ, ಗಾಳಿಯ ದಿಕ್ಕು ಹೇಳಿ. ದಡದಲ್ಲಾದರೆ ಪಕ್ಕದಲ್ಲೊಂದು ಚಪ್ಪಲಿ ಇಟ್ಟು ಫೋಟೊ ತೆಗೆಯಿರಿ, ಗಾತ್ರ ತಿಳಿಯುತ್ತದೆ. ಮಾದರಿ ತೆಗೆದಿಡುವುದಾದರೆ ಗಾಜಿನ ಬಾಟಲಿಯಲ್ಲಿ, ಮುಚ್ಚಳದಡಿ ಅಲ್ಯೂಮಿನಿಯಂ ಹಾಳೆ ಇಟ್ಟು, ತಣ್ಣಗಿನ ಕತ್ತಲಲ್ಲಿ ಇಡಿ. ಪ್ಲಾಸ್ಟಿಕ್ ಬಾಟಲಿ ಬೇಡ. ಅದರ ಅಂಶವೇ ಎಣ್ಣೆಗೆ ಬೆರೆತು ಯಾವ ಹಡಗಿನದೆಂಬ ಗುರುತು ಕೆಡುತ್ತದೆ.

— ಸಂ.