ಕ್ವಾಂಟಮ್ ಅಂದ್ರೆ ಬರೀ ಫಿಸಿಕ್ಸ್‌ನವರ ಸೊತ್ತಾ?

ಪ್ರಶ್ನೆ: ಮಗಳು ಎಲೆಕ್ಟ್ರಾನಿಕ್ಸ್ ಬಿ.ಇ. ಎರಡನೇ ವರ್ಷದಲ್ಲಿದ್ದಾಳೆ. ಕ್ವಾಂಟಮ್ ಕಂಪ್ಯೂಟರ್ ಮೇಲೆ ರಿಸರ್ಚ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಅದು ಫಿಸಿಕ್ಸ್ ಓದಿದವರ ಕೆಲಸ ಅಲ್ವಾ? ಇದನ್ನು ಬಿಡಿಸಿ ಬಿ.ಎಸ್‌ಸಿ.ಗೆ ಸೇರಿಸಬೇಕಾ? ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಇಂಥವರಿಗೆ ಜಾಗ ಇದೆಯಾ?
— ಓದುಗರೊಬ್ಬರು, ತಿಪಟೂರು

ಉತ್ತರ: ದಯವಿಟ್ಟು ಬಿಡಿಸಬೇಡಿ ಸರ್. ಅವಳು ಸರಿಯಾದ ಕಡೆಯೇ ಇದ್ದಾಳೆ.

ಕ್ವಾಂಟಮ್ ಕಂಪ್ಯೂಟರ್ ಲೆಕ್ಕ ಮಾಡುವ ಮೂಲ ಘಟಕಕ್ಕೆ ಕ್ಯೂಬಿಟ್ ಅಂತಾರೆ. ಅದರಲ್ಲಿ ಒಂದು ಬಗೆಯಾದ ಸೂಪರ್‌ಕಂಡಕ್ಟಿಂಗ್ (ಅಂದರೆ ಪ್ರತಿರೋಧವೇ ಇಲ್ಲದೆ ಕರೆಂಟ್ ಹರಿಯುವ) ಕ್ಯೂಬಿಟ್ ಹೇಗೆ ಮಾಡುತ್ತಾರೆ ಅಂತ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಎರಡು ಅಲ್ಯೂಮಿನಿಯಂ ಪದರ, ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್, ಇದಕ್ಕೆ ಜೋಸೆಫ್ಸನ್ ಜಂಕ್ಷನ್ ಅಂತಾರೆ. ನಮ್ಮ ತಲೆಕೂದಲೇ ಸುಮಾರು 80,000 ನ್ಯಾನೋಮೀಟರ್ ದಪ್ಪ ಇರುತ್ತದೆ, ಲೆಕ್ಕ ಹಾಕಿ! ಇದರ ವಿನ್ಯಾಸವನ್ನು ಎಲೆಕ್ಟ್ರಾನ್ ಕಿರಣದಿಂದ ಬರೆಯುತ್ತಾರೆ. ಗಾಳಿ ತೆಗೆದ ಚೇಂಬರ್‌ನಲ್ಲಿ ಮೊದಲ ಪದರ ಕೂರಿಸಿ, ಸ್ವಲ್ಪವೇ ಆಮ್ಲಜನಕ ಬಿಟ್ಟು ಆಕ್ಸೈಡ್ ಬೆಳೆಸಿ, ಅದರ ಮೇಲೆ ಎರಡನೇ ಪದರ ಕೂರಿಸುತ್ತಾರೆ. ಆ ಆಮ್ಲಜನಕ ಚೂರು ಹೆಚ್ಚುಕಮ್ಮಿ ಆದರೂ ಕ್ಯೂಬಿಟ್‌ನ ಫ್ರೀಕ್ವೆನ್ಸಿಯೇ ಬದಲಾಗಿಬಿಡುತ್ತದೆ. ಇಷ್ಟೂ ನ್ಯಾನೋ ಫ್ಯಾಬ್ರಿಕೇಷನ್ ಕೆಲಸ. ಮೆಟೀರಿಯಲ್ಸ್, ಕೆಮಿಸ್ಟ್ರಿ ಗೊತ್ತಿರುವವರು ಇಲ್ಲದೆ ಆಗುವುದಿಲ್ಲ.

ಆಮೇಲೆ ಆ ಚಿಪ್ಪನ್ನು 10ರಿಂದ 20 ಮಿಲಿಕೆಲ್ವಿನ್‌ಗೆ ತಣ್ಣಗೆ ಮಾಡಬೇಕು (ಕೆಲ್ವಿನ್ ತಾಪಮಾನದ ಅಳತೆ, ಅದರ ಸಾವಿರದ ಒಂದು ಭಾಗ ಮಿಲಿಕೆಲ್ವಿನ್). ದೂರದ ಬಾಹ್ಯಾಕಾಶವೇ 2.7 ಕೆಲ್ವಿನ್ ಇರುತ್ತದೆ, ಅದಕ್ಕಿಂತ ನೂರು ಪಟ್ಟಿಗೂ ಜಾಸ್ತಿ ತಣ್ಣಗೆ. ಅಲ್ಲಿಗೆ 4ರಿಂದ 8 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಪಲ್ಸ್ ಕಳಿಸಬೇಕು, ವಾಪಸ್ ಬರುವ ತೀರಾ ಕ್ಷೀಣ ಸಿಗ್ನಲನ್ನು ಗದ್ದಲದಲ್ಲಿ ಕಳೆದುಹೋಗದ ಹಾಗೆ ಆಂಪ್ಲಿಫೈ ಮಾಡಬೇಕು. ಇದು ನಿಮ್ಮ ಮಗಳ ಸಬ್ಜೆಕ್ಟೇ!

2025ರ ಫಿಸಿಕ್ಸ್ ನೊಬೆಲ್ ಪಡೆದ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್ 1984-85ರಲ್ಲಿ ಬರ್ಕ್ಲಿಯಲ್ಲಿ ಮಾಡಿದ್ದೂ ಇಂಥದ್ದೇ ಒಂದು ಎಲೆಕ್ಟ್ರಿಕಲ್ ಸರ್ಕ್ಯೂಟ್ ಮೇಲಿನ ಪ್ರಯೋಗ.

ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಐಐಎಸ್‌ಸಿಗೆ ಬರೋಣ. ಅಲ್ಲಿನ ನ್ಯಾನೋ ವಿಜ್ಞಾನ ಕೇಂದ್ರ 'ಸೆನ್ಸ್'ನಲ್ಲಿ ದೊಡ್ಡ ಕ್ಲೀನ್‌ರೂಮ್, ಅಂದರೆ ಧೂಳು ಬರದ ಹಾಗೆ ಕಾಪಾಡುವ ಕೋಣೆ ಇದೆ. ಮೈಪೂರ್ತಿ ಸೂಟ್ ಹಾಕಿಕೊಂಡೇ ಒಳಗೆ ಹೋಗಬೇಕು, ಲಿಥೋಗ್ರಫಿ (ಚಿಪ್ ಮೇಲೆ ವಿನ್ಯಾಸ ಮೂಡಿಸುವ ಕೆಲಸ) ಮಾಡುವ ಜಾಗದಲ್ಲಿ ಬರೀ ಹಳದಿ ದೀಪ, ಯಾಕಂದ್ರೆ ಅಲ್ಲಿ ಬಳಿಯುವ ಬೆಳಕಿಗೆ ಬದಲಾಗುವ ಲೇಪನ, ಫೋಟೋರೆಸಿಸ್ಟ್‌ಗೆ ನೀಲಿ ಬೆಳಕು ತಾಗಿದರೆ ಕೆಲಸ ಕೆಡುತ್ತದೆ. ಬೇರೆ ಕಾಲೇಜಿನ ಸಂಶೋಧಕರಿಗೂ ತರಬೇತಿ ಕೊಟ್ಟು ಇಂಥ ಸೌಲಭ್ಯ ಬಳಸಲು ಬಿಡುವ 'ಐಎನ್‌ಯುಪಿ' ಅನ್ನೋ ಕೇಂದ್ರ ಸರ್ಕಾರದ ಯೋಜನೆ ಇದೆ. ನಮ್ಮ ಜಿಲ್ಲಾ ಕಾಲೇಜುಗಳಲ್ಲಿ ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಬೇಜಾರಾಗುತ್ತದೆ. 2023ರಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ಹಬ್ ಸಿಕ್ಕಿರುವುದೂ ಐಐಎಸ್‌ಸಿಗೇ. ಅಲ್ಲಿ ಕ್ವಾಂಟಮ್ ಟೆಕ್ನಾಲಜಿಯಲ್ಲೇ ಎಂ.ಟೆಕ್. ಇದೆ, ಅದಕ್ಕೆ ಗೇಟ್ ಪರೀಕ್ಷೆ ಬರೆಯಬೇಕು.

ಈಗ ಅವಳು ಲೀನಿಯರ್ ಆಲ್ಜೀಬ್ರಾ ಗಟ್ಟಿ ಮಾಡಿಕೊಳ್ಳಲಿ. ಮೈಕ್ರೋವೇವ್ ಪೇಪರನ್ನು ಸುಮ್ನೆ ಪಾಸಾಗೋಕೆ ಅಂತ ಓದದೆ ಆಸೆಪಟ್ಟು ಓದಲಿ. ಕ್ವಾಂಟಮ್ ಮೆಕಾನಿಕ್ಸ್ ಅನ್ನು ಪಕ್ಕದಲ್ಲಿ ಕಲಿಯಬಹುದು, ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠದ ತಾಣದಲ್ಲಿ ಪಾಠಗಳಿವೆ. ಐಐಎಸ್‌ಸಿಯ ಓಪನ್ ಡೇ ದಿನ ಯಾರು ಬೇಕಾದರೂ ಒಳಗೆ ಹೋಗಬಹುದು. ಬೆಳಗ್ಗೆ ಬೇಗ ಹೊರಟು ನೀವೂ ಜೊತೆಗೆ ಹೋಗಿ, ಸ್ಟಾಲ್‌ನಲ್ಲಿ ನಿಂತಿರುವ ಪಿಎಚ್.ಡಿ. ಹುಡುಗ ಹುಡುಗಿಯರನ್ನು ನೀವು ಬಿ.ಇ. ಯಾವುದರಲ್ಲಿ ಮಾಡಿದ್ದು ಅಂತ ಕೇಳಿ.